ಒಂದೂಕಾಲು ಡಾಲರಿನ ಕುಂಬಳಕಾಯಿ

2025ರ ಆಗಸ್ಟ್ ಇನ್ನೂ ಮುಗಿದಿರಲಿಲ್ಲ. ಹೊರಗೆ ಬೆವರು ಸುರಿಯುವ ಸೆಕೆ. ಅಷ್ಟರಲ್ಲೇ ಅಮೆರಿಕದ ಕೊಲಂಬಸ್ಸಿನ ಅಂಗಡಿಗಳ ಬಾಗಿಲಲ್ಲಿ ಶರತ್ಕಾಲದ ಅಲಂಕಾರದ ಕಿತ್ತಳೆ ಬಣ್ಣ ಬಂದು ಕೂತಿತ್ತು. ಪ್ಲಾಸ್ಟಿಕ್ ಮೇಪಲ್ ಎಲೆಯ ತೋರಣ, ಬೆರ್ಚಪ್ಪನ ಗೊಂಬೆ, ಸಾಲು ಸಾಲು ಕುಂಬಳಕಾಯಿ. ನಾವು ಒಹಾಯೋಗೆ ಬಂದು ಒಂಬತ್ತು ವರ್ಷ ಆದರೂ ನಮ್ಮ ಮನೆ ಬಾಗಿಲಿಗೆ ಇದ್ಯಾವುದನ್ನೂ ಹಾಕಿರಲಿಲ್ಲ. ಬೀದಿಯ ಉಳಿದ ಮನೆಗಳ ಮುಂದೆಲ್ಲ ಸೇವಂತಿಗೆ ಕುಂಡ, ಒಣಗಿದ ಜೋಳದ ದಂಟು, ಹುಲ್ಲಿನ ಕಂತೆ. ನಮ್ಮದು ಬೋಳು. ಮಗಳು ಒಂದು ದಿನ ಹೇಳಿಯೇ ಬಿಟ್ಟಳು: "ಅಮ್ಮ, ನಮ್ಮನೇಲಿ ಯಾರೂ ಇಲ್ಲ ಅನ್ನೋ ಥರ ಕಾಣುತ್ತೆ."

ಸರಿ, ನೋಡೋಣ ಅಂತ ಒಂದು ದೊಡ್ಡ ಅಂಗಡಿಗೆ ಹೋದೆವು. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಆಗ ತಾನೇ ಬಂದಿದ್ದ ಅವ್ವನೂ ಜೊತೆಗಿದ್ದಳು. ಅಲ್ಲಿ ಕೆನೆಬಣ್ಣದ ಪಿಂಗಾಣಿ ಕುಂಬಳಕಾಯಿಗಳ ಒಂದು ಸೆಟ್ ಇತ್ತು. ದೊಡ್ಡದು, ನಡುವಿನದು, ಚಿಕ್ಕದು. ಮಣ್ಣಿನಿಂದ ಆಗ ತಾನೇ ಎತ್ತಿದ ಹಾಗೆ ಒರಟು ಮೈ. ನನಗೆ ತುಂಬಾ ಹಿಡಿಸಿತು. ಅವ್ವ ಚೀಟಿ ತಿರುಗಿಸಿ ನೋಡಿದಳು. 64 ಡಾಲರ್. ಅವಳು ಬಂದ ದಿನದಿಂದ ಎಲ್ಲವನ್ನೂ 88ರಿಂದ ಗುಣಿಸುತ್ತಿದ್ದಳು.

"ಐದೂವರೆ ಸಾವಿರ ಚಿಲ್ಲರೆ ಆಯ್ತು. ಎಂತ ಮಾರಾಯ್ತಿ ಇದು, ಹುಳಿಗೂ ಬರಲ್ಲ, ಪಲ್ಯಕ್ಕೂ ಬರಲ್ಲ!"

ಸೆಟ್ ಅಲ್ಲೇ ಬಿಟ್ಟು ಬಂದೆ. ಆದರೆ ಆ ಒರಟು ಮೈ ತಲೆಯಿಂದ ಹೋಗಲಿಲ್ಲ.

ಮಾರನೇ ವಾರ ಡಾಲರ್ ಅಂಗಡಿಗೆ ಹೋದೆ. ಹೆಸರಿಗೆ ಮಾತ್ರ ಡಾಲರ್, ಆಗ ನಾನು ಕೊಂಡದ್ದಕ್ಕೆಲ್ಲ ಒಂದೂಕಾಲು. ಫೋಮ್ ಕುಂಬಳಕಾಯಿ ಆರು ತೆಗೆದುಕೊಂಡೆ. ಫೋಮ್ ಅಂದರೆ ನಮ್ಮ ಥರ್ಮಾಕೋಲೇ, ಮೇಲೊಂದು ಹೊಳೆಯುವ ಕಿತ್ತಳೆ ಪದರ. ಅಕ್ರಿಲಿಕ್ ಬಣ್ಣದ ಪುಟ್ಟ ಬಾಟಲಿ ನಾಲ್ಕು: ಬಿಳಿ, ಕಂದು, ಸಾಸಿವೆ ಹಳದಿ, ಇಟ್ಟಿಗೆ ಕೆಂಪು. ಸ್ಪಂಜಿನ ಬ್ರಷ್ ಒಂದು ಕಟ್ಟು, ಸೆಣಬಿನ ದಾರದ ಉಂಡೆ ಒಂದು. ತೆರಿಗೆ ಬಿಟ್ಟು ಸರಿಯಾಗಿ 15 ಡಾಲರ್. ಅಡುಗೆ ಸೋಡಾ ಮನೆಯಲ್ಲೇ ಇತ್ತು. ಅದರ ಕೆಲಸ ಆಮೇಲೆ ಹೇಳುತ್ತೇನೆ.

ಮೊದಲ ದಿನ ನಾನು ಮಾಡಿದ್ದು ಸೋಮಾರಿತನದ ತಪ್ಪು. ಗ್ಯಾರೇಜಿನಲ್ಲಿ ಹಳೇ ಸ್ಪ್ರೇ ಪೇಂಟ್ ಡಬ್ಬಿ ಇತ್ತು, ಬಿಳಿ ಬಣ್ಣದ್ದು. ಬ್ರಷ್ ಹಿಡಿದು ಯಾರು ಕೂರುತ್ತಾರೆ, ಎರಡು ನಿಮಿಷದಲ್ಲಿ ಮುಗಿಯುತ್ತೆ ಅಂತ ಕುಂಬಳಕಾಯಿಯನ್ನು ರಟ್ಟಿನ ಮೇಲಿಟ್ಟು ಸೊಂಯ್ ಅಂತ ಹೊಡೆದೆ. ಒಂದು ಕ್ಷಣ ಎಷ್ಟು ಚೆನ್ನಾಗಿತ್ತು ಗೊತ್ತಾ? ಆಮೇಲೆ ಕಾಯಿಯ ತೊಟ್ಟಿನ ಸುತ್ತ ಚಿಕ್ಕ ಚಿಕ್ಕ ತೂತು ಬಿದ್ದವು. ತೂತು ಅಗಲವಾಗುತ್ತಾ ಹೋಯಿತು. ನೋಡನೋಡುತ್ತಾ ಕುಂಬಳಕಾಯಿಯ ಒಂದು ಪಕ್ಕ ಕಾವಲಿ ಮೇಲೆ ಹೊಯ್ದ ಸೆಟ್ ದೋಸೆ ಥರ ಆಯಿತು. ಮುಟ್ಟಿದರೆ ಬೆರಳು ಒಳಗೆ ಹೋಗುತ್ತಿತ್ತು.

ಸ್ಪ್ರೇ ಬಣ್ಣದಲ್ಲಿರುವ ಅಸಿಟೋನಿನಂಥ ದ್ರಾವಕಗಳು ಥರ್ಮಾಕೋಲನ್ನು ಕರಗಿಸಿಬಿಡುತ್ತವೆ. ಉಗುರಿನ ಬಣ್ಣ ತೆಗೆಯುವ ದ್ರವವನ್ನು ಥರ್ಮಾಕೋಲ್ ಮೇಲೆ ಒಂದು ಹನಿ ಬಿಟ್ಟು ನೋಡಿ, ಅದೇ ಆಗುತ್ತದೆ. ಅಂಗಡಿಯ ಕಾಯಿಯ ಮೇಲಿನ ಪದರ ಎಲ್ಲೆಲ್ಲಿ ತೆಳುವಾಗಿರುತ್ತೋ ಅಲ್ಲಿಂದ ಶುರು. ನೀರಿನಲ್ಲಿ ಕಲಸುವ ಅಕ್ರಿಲಿಕ್ಕಿಗೆ ಈ ತೊಂದರೆ ಇಲ್ಲ. ಸ್ಪ್ರೇ ಬೇಕೇ ಬೇಕು ಅಂದರೆ ಮೊದಲು ಅಕ್ರಿಲಿಕ್ಕನ್ನೇ ಎರಡು ಕೈ ಹಚ್ಚಿ ಮೈ ಮುಚ್ಚಬೇಕು. ನಾನು ಸ್ಪ್ರೇ ಡಬ್ಬಿಯನ್ನೇ ಒಳಗಿಟ್ಟೆ. ಆರರಲ್ಲಿ ಒಂದು ಹೋಯಿತು.

ಎರಡನೇ ಪ್ರಯತ್ನ ಬ್ರಷ್ ಹಿಡಿದೇ. ಬಿಳಿ ಹಚ್ಚಿದೆ, ಒಣಗಿದ ಮೇಲೆ ನೋಡಿದರೆ ಒಳಗಿನ ಕಿತ್ತಳೆ ಇಣುಕಿ ಎಲ್ಲಾ ಒಂಥರಾ ಸಪ್ಪೆ ಗುಲಾಬಿ. ಇನ್ನೊಂದು ಕೈ ಹಚ್ಚಿದೆ. ಬ್ರಷ್ಷಿನ ಗೆರೆ ಎದ್ದವು, ಕೆಲವು ಕಡೆ ಉಗುರು ತಾಗಿದರೆ ಬಣ್ಣ ಸಿಪ್ಪೆಯಾಗಿ ಬಂತು. ಅವ್ವ ಬಟಾಣಿ ಬಿಡಿಸುತ್ತಾ ನೋಡುತ್ತಿದ್ದಳು.

"ಮೈ ನುಣ್ಣಗಿದ್ರೆ ಬಣ್ಣ ನಿಲ್ಲಲ್ಲ ಮಾರಾಯ್ತಿ. ಮೊದ್ಲು ಮೈ ಒರಟು ಮಾಡ್ಕೋ."

ಅವಳಿಗೆ ಗೊತ್ತಿರದೇ ಇರುತ್ತಾ? ನಮ್ಮ ಕಡೆ ಗೋಡೆಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಹಸೆ ಚಿತ್ತಾರ ಬರೆದು ಬೆಳೆದವಳು. ಉಪ್ಪುಕಾಗದ ತಂದು ಉಳಿದ ನಾಲ್ಕರ ಹೊಳಪು ಹೋಗುವ ತನಕ ಹಗುರಾಗಿ ಉಜ್ಜಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಆಮೇಲೆ ಸೋಡಾ.

ಬಣ್ಣಕ್ಕೆ ಅಡುಗೆ ಸೋಡಾ ಬೆರೆಸಿದರೆ ಅದು ದಪ್ಪಗಾಗಿ, ಒಣಗಿದ ಮೇಲೆ ಮಣ್ಣಿನ ಪಾತ್ರೆಯ ಹಾಗೆ ಮಂಕಾಗಿ, ಒರಟಾಗಿ ಕೂರುತ್ತದೆ. ನಾನು ಎರಡು ಚಮಚ ಬಣ್ಣಕ್ಕೆ ಒಂದು ಚಮಚ ಸೋಡಾ ಹಾಕಿದೆ. ಕಲಸುತ್ತಿದ್ದಂತೆ ಇಡ್ಲಿ ಹಿಟ್ಟಿನ ಹದಕ್ಕೆ ಬಂತು, ಸ್ವಲ್ಪ ಉಬ್ಬಿತು ಕೂಡ. ಈ ಹದ ಮುಖ್ಯ. ನೀರಾದರೆ ಸೋರುತ್ತೆ, ಗಟ್ಟಿಯಾದರೆ ಮೆತ್ತಿದ ಹಾಗೆ ಗಂಟು ಗಂಟು. ಒಂದೇ ಸಲ ಜಾಸ್ತಿ ಕಲಸಬೇಡಿ. ಕಾಲು ಗಂಟೆ ಬಿಟ್ಟರೆ ಬಟ್ಟಲಲ್ಲೇ ಗಟ್ಟಿಯಾಗುತ್ತದೆ. ನಾನು ಮೊದಲ ಬಟ್ಟಲು ಹಾಗೇ ಎಸೆದೆ.

ಹಚ್ಚುವಾಗ ಎಳೆಯಬಾರದು, ತಟ್ಟಬೇಕು. ಸ್ಪಂಜಿನ ಬ್ರಷ್ಷಿನ ತುದಿಯಿಂದ ಪಟ ಪಟ ಅಂತ, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಮೊದಲ ಕೈ ಹಚ್ಚಿ ನಾಲ್ಕು ಗಂಟೆ ಬಿಟ್ಟೆ. ಎರಡನೇ ಕೈಗೆ ಕಿತ್ತಳೆ ಪೂರ್ತಿ ಮಾಯ. ರಾತ್ರಿಯೆಲ್ಲಾ ಒಣಗಲು ಬಿಟ್ಟು ಬೆಳಿಗ್ಗೆ ಕೈಯಾಡಿಸಿದೆ. ಅದೇ! ಅಂಗಡಿಯಲ್ಲಿ ನೋಡಿದ ಅದೇ ಒರಟು ಮೈ. ನನಗಾದ ಖುಷಿ ಹೇಳಲಾರೆ. ಮಗಳನ್ನು ಎಬ್ಬಿಸಿ ಮುಟ್ಟಿಸಿದೆ. ಅವಳು ನಿದ್ದೆಗಣ್ಣಲ್ಲೇ "ಓಕೆ" ಅಂದು ಮಲಗಿದಳು.

ಕೊನೆಯ ಕೆಲಸ ಕೊಳೆ ಹಚ್ಚುವುದು. ಹೌದು, ಹೊಸ ಬಿಳಿ ಕಾಯಿಗೆ ಬೇಕಂತಲೇ ಕೊಳೆ ಹಚ್ಚಬೇಕು. ಕಂದು ಬಣ್ಣಕ್ಕೆ ಜಾಸ್ತಿ ನೀರು ಬೆರೆಸಿ, ಕಾಯಿಯ ಏಣುಗಳ ನಡುವಿನ ಕಾಲುವೆಯಲ್ಲಿ ಹರಿಸಿ, ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುವುದು. ಉಬ್ಬಿನ ಮೇಲಿನದು ಹೋಗುತ್ತೆ, ಸಂದಿಯಲ್ಲಿ ಉಳಿಯುತ್ತೆ. ಗದ್ದೆಯಿಂದ ತಂದು ಅರ್ಧಂಬರ್ಧ ತೊಳೆದ ಹಾಗೆ ಕಾಣುತ್ತೆ. ತಡ ಮಾಡಿದರೆ ಒರೆಸಲು ಬರುವುದಿಲ್ಲ. ಒಂದು ಕಾಯಿಯ ಹಿಂಭಾಗದಲ್ಲಿ ಈಗಲೂ ಒಂದು ಕಂದು ಕಲೆ ಇದೆ, ಫೋನ್ ಬಂತು ಅಂತ ಎದ್ದು ಹೋಗಿದ್ದೆ.

ಪ್ಲಾಸ್ಟಿಕ್ ತೊಟ್ಟು ಕಿತ್ತು ಹಿತ್ತಲಿನ ಒಣ ಕಡ್ಡಿ ಸಿಕ್ಕಿಸಿದೆ. ಅದಕ್ಕೆ ಸೆಣಬಿನ ದಾರ ಸುತ್ತಿ ಬಿಸಿ ಅಂಟಿನ ಗನ್ನಿನಿಂದ ಅಂಟಿಸಲು ಹೋದರೆ ಅಲ್ಲೂ ಅದೇ ಕಥೆ. ಅಂಟಿನ ಬಿಸಿಗೆ ಫೋಮ್ ಕುಳಿ ಬಿತ್ತು. ಕಡಿಮೆ ಬಿಸಿಗೆ ತಿರುಗಿಸುವ ಗುಂಡಿ ಆ ಗನ್ನಿನಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ.

ಇದರ ನಡುವೆ ನವರಾತ್ರಿ ಬಂತು. ಆ ವರ್ಷ ನವರಾತ್ರಿಯ ಮೊದಲ ದಿನವೂ ಇಲ್ಲಿಯವರ ಲೆಕ್ಕದ ಶರತ್ಕಾಲದ ಮೊದಲ ದಿನವೂ ಒಂದೇ, ಸೆಪ್ಟೆಂಬರ್ 22. ಹಗಲು ರಾತ್ರಿ ಸಮ ಆಗುವ ದಿನ. ಬಾಗಿಲ ಹೊರಗೆ ಕುಂಬಳಕಾಯಿ ಸಾಲು, ಒಳಗೆ ದೀಪ.

ಪೈನ್ ಕಾಯಿಗಳದ್ದು ಬೇರೆ ಗಮ್ಮತ್ತು. ಪಾರ್ಕಿನಲ್ಲಿ ವಾಕಿಂಗ್ ಹೋದಾಗ ಉದುರಿದ್ದನ್ನು ಮಗಳು ಮತ್ತು ಅವ್ವ ಸೇರಿ ಒಂದು ಚೀಲ ಆರಿಸಿ ತಂದರು. ಪುಕ್ಕಟೆ ಸಿಕ್ಕಿದ್ದು ಅಂದರೆ ಅವ್ವನಿಗೆ ಗುಣಾಕಾರ ಮಾಡುವ ಕೆಲಸವೂ ಇಲ್ಲ. ಮಣ್ಣಿತ್ತು ಅಂತ ನಾನು ಬಕೆಟ್ಟಿನಲ್ಲಿ ನೆನೆಸಿ ತೊಳೆದೆ. ಒಂದು ಗಂಟೆ ಬಿಟ್ಟು ನೋಡಿದರೆ ಅರಳಿದ್ದ ಕಾಯಿಗಳೆಲ್ಲ ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಂಡಿವೆ! ಹಾಳು ಮಾಡಿದೆ ಅಂದುಕೊಂಡೆ. ಆದರೆ ಅದರ ಸ್ವಭಾವವೇ ಹಾಗೆ. ಪ್ರತಿ ಎಸಳಿನ ಹೊರಮೈ ನೀರು ಕುಡಿದಾಗ ಉಬ್ಬಿ ಎಸಳನ್ನು ಒಳಕ್ಕೆ ಬಾಗಿಸುತ್ತದೆ. ಒಣಗಿದರೆ ಮತ್ತೆ ಬಿಚ್ಚುತ್ತದೆ. ಒಣ ದಿನ ನೋಡಿ ಬೀಜ ಹಾರಿಬಿಡಲು ಮರ ಮಾಡಿಕೊಂಡ ಏರ್ಪಾಡು.

ತೊಳೆಯಲಿ ಬಿಡಲಿ, ಅವನ್‌ನಲ್ಲಿ ಇಡಲೇಬೇಕು. ಟ್ರೇಗೆ ಅಲ್ಯೂಮಿನಿಯಂ ಹಾಳೆ ಹಾಸಿ, 200 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ ಸುಮಾರು 93 ಸೆಲ್ಸಿಯಸ್‌ನಲ್ಲಿ, ಮುಕ್ಕಾಲು ಗಂಟೆ. ಒಳಗಿನ ಹುಳ ಸಾಯುತ್ತದೆ, ಅಂಟು ಕರಗಿ ಮೇಣದ ಹಾಗೆ ಗಟ್ಟಿಯಾಗುತ್ತದೆ, ಎಸಳು ಅರಳುತ್ತದೆ. ಅಡುಗೆ ಮನೆ ಬಿಟ್ಟು ಹೋಗಬಾರದು, ಅಂಟಿರುವ ವಸ್ತು ನೋಡಿ. ಮನೆ ತುಂಬ ಸಾಂಬ್ರಾಣಿ ಹಾಕಿದ ಹಾಗೆ ವಾಸನೆ. ಟ್ರೇ ಹೊರತೆಗೆದಾಗ ಹಾಳೆಯ ಮೇಲೆ ಎರಡು ಪುಟ್ಟ ಜೀರುಂಡೆ ಬಿದ್ದಿದ್ದವು. ಅವ್ವ "ಪಾಪ" ಅಂದಳು.

ಬಣ್ಣ ಹಚ್ಚಲು ಕಷ್ಟವೇ ಇಲ್ಲ, ಮೈ ಮೊದಲೇ ಒರಟು. ಎಸಳಿನ ತುದಿಗೆ ಮಾತ್ರ ಬಿಳಿ ಅಥವಾ ಹಳದಿ ಒತ್ತಿದರೆ ಸಾಕು. ಕಾಯಿಯನ್ನು ಬುಡ ಮೇಲಾಗಿ ನಿಲ್ಲಿಸಿ, ಸಾಸಿವೆ ಹಳದಿ ಹಚ್ಚಿ, ನಡುವೆ ಕಂದು ಚುಕ್ಕಿ ಇಟ್ಟರೆ ದೂರದಿಂದ ಚೆಂಡು ಹೂವೇ. ಹತ್ತಿರ ಹೋಗದಿದ್ದರೆ ಆಯಿತು.

ಎಲೆಗಳ ಕೆಲಸದಲ್ಲಿ ನಾನು ಸೋತೆ ಅಂತಲೇ ಹೇಳಬೇಕು. ಮೇಪಲ್ ಎಲೆ ಕೆಂಪಾಗುವುದು ಹಗಲು ಬಿಸಿಲು, ರಾತ್ರಿ ಚಳಿ ಚೆನ್ನಾಗಿ ಬಿದ್ದಾಗ. ಹಸಿರು ಕಳೆದಾಗ ಒಳಗೆ ಮೊದಲಿಂದ ಇದ್ದ ಹಳದಿ ಕಾಣುತ್ತದೆ. ಕೆಂಪು ಮಾತ್ರ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ಹುಟ್ಟುವುದು. ಆ ಕೆಂಪು ನೋಡಿ ಆಸೆಪಟ್ಟು ದಪ್ಪ ಪುಸ್ತಕದೊಳಗೆ ಒತ್ತಿಟ್ಟೆ. ಎರಡು ವಾರಕ್ಕೆ ಅರ್ಧ ಎಲೆ ಕಂದು. ಮಗಳು ಅವುಗಳ ಮೇಲೇ ಬಿಳಿ ಬಣ್ಣದಿಂದ ನರಗಳನ್ನು ತಿದ್ದಿ, ಮಾಡ್ ಪಾಡ್ಜ್ ಅಂಟು ಸವರಿ ಕಿಟಕಿಗೆ ಕಟ್ಟಿದಳು. ನನ್ನ ಕುಂಬಳಕಾಯಿಗಿಂತ ಅದೇ ಚೆನ್ನಾಗಿದೆ ಅಂತ ಬಂದವರೆಲ್ಲ ಹೇಳಿದರು. ಇರಲಿ.

ಅಕ್ಟೋಬರ್ ಶುರುವಾಗುತ್ತಿದ್ದಂತೆ ಅವ್ವನ ವರಾತ ಶುರು. 6ನೇ ತಾರೀಕು ಭೂಮಿ ಹುಣ್ಣಿಮೆ. ನಮ್ಮ ಕಡೆ ಭತ್ತ ಹಾಲು ಕಟ್ಟುವ ಹೊತ್ತಿಗೆ ಭೂಮಿ ತಾಯಿ ಬಸುರಿ ಅಂತ ಲೆಕ್ಕ. ಅವಳಿಗೆ ಬಯಕೆ ಊಟ ಬಡಿಸಬೇಕು. ಬೆಳಗಿನ ಜಾವ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗುವುದು. ಆ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ದಸರಾ ಮುಗಿಯುವ ಹೊತ್ತಿಗೆ ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಅಡಿಗೆ ಮುಗಿಸಿ ಬುಟ್ಟಿ ಹಿಡಿದು ಕೂತುಬಿಡುತ್ತಾರೆ. ಕುಂಬಳಕಾಯಿಗೆ ಬಣ್ಣ ಬಳಿದ ನಾನು ಬುಟ್ಟಿಗೆ ಯಾಕೆ ಬಳಿಯಬಾರದು ಅನ್ನುವುದು ಅವ್ವನ ವಾದ.

ಹಳೇ ಸಾಮಾನಿನ ಅಂಗಡಿಯಲ್ಲಿ ಬಿದಿರು ಬುಟ್ಟಿ ಎರಡು ಡಾಲರಿಗೆ ಸಿಕ್ಕಿತು. ಯಾರೋ ಟವೆಲ್ ಇಟ್ಟುಕೊಂಡಿದ್ದಿರಬೇಕು, ಸೋಪಿನ ವಾಸನೆ. ಕೆಮ್ಮಣ್ಣಿಗೆ ಎಲ್ಲಿ ಹೋಗಲಿ? ಇಟ್ಟಿಗೆ ಕೆಂಪು ಅಕ್ರಿಲಿಕ್ ಬಳಿದೆ. ಅವ್ವ ಮುಖ ಹುಳ್ಳಗೆ ಮಾಡಿಕೊಂಡೇ ಅಕ್ಕಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದಳು. ಬರೆದ ಎರಡು ಎಳೆ ಒಣಗುತ್ತಿದ್ದಂತೆ ಸಿಪ್ಪೆಯಾಗಿ ಉದುರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೈ ನುಣ್ಣಗಿತ್ತು! ಸೋಡಾ ಬೆರೆಸಿ ಕೆಂಪು ಬಣ್ಣ ಮತ್ತೆ ತಟ್ಟಿದೆ. ಮಾರನೇ ದಿನ ಅಕ್ಕಿ ಹಿಟ್ಟು ಗಟ್ಟಿಯಾಗಿ ಕಚ್ಚಿಕೊಂಡಿತು. ಅವ್ವ ಉಗುರಿನಲ್ಲಿ ಕೆರೆದು ನೋಡಿ, ಏನೂ ಹೇಳದೆ ಕೆಲಸಕ್ಕೆ ಕೂತಳು.

ಬ್ರಷ್ಷಿನ ವಿಷಯಕ್ಕೆ ಬಂದರೆ, ಚಿತ್ತಾರಕ್ಕೆ ಊರಲ್ಲಿ ಪುಂಡಿ ನಾರು ಬೇಕು. ಅಂಗಡಿಯ ಬ್ರಷ್ ಕೊಟ್ಟರೆ ಅವ್ವ ವಾಪಸ್ ಕೊಟ್ಟಳು, ಎಳೆ ದಪ್ಪ ಬರುತ್ತದಂತೆ. ಕೊನೆಗೆ ಕುಂಬಳಕಾಯಿ ತೊಟ್ಟಿಗೆ ಸುತ್ತಿ ಉಳಿದಿದ್ದ ಸೆಣಬಿನ ದಾರ ಅವಳ ಕಣ್ಣಿಗೆ ಬಿತ್ತು. ಬೆರಳುದ್ದ ಕತ್ತರಿಸಿ, ಹುರಿ ಬಿಚ್ಚಿ, ಬಿಸಿನೀರಲ್ಲಿ ಅದ್ದಿ, ತುದಿಯನ್ನು ಲಟ್ಟಣಿಗೆಯಿಂದ ಜಜ್ಜಿದಳು. ನಾಲ್ಕೈದು ಎಳೆ ಮಾತ್ರ ಉಳಿಸಿ ಮಿಕ್ಕಿದ್ದನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತಳು. ಆಮೇಲೆ ಬುಟ್ಟಿಯನ್ನು ಮಡಿಲಲ್ಲಿ ಓರೆಯಾಗಿ ಇಟ್ಟುಕೊಂಡು ಬರೆಯತೊಡಗಿದಳು. ಕೈ ಅಲುಗುತ್ತಿರಲಿಲ್ಲ, ಬುಟ್ಟಿ ತಿರುಗುತ್ತಿತ್ತು. ಎಳೆಯ ಪಕ್ಕ ಎಳೆ, ನಡುವೆ ಜೋಗಿ ಜಡೆ ಅನ್ನುವ ನಮೂನೆ. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಮಗಳು ವಿಡಿಯೋ ಮಾಡಲು ಫೋನ್ ಎತ್ತಿದಳು, ಆಮೇಲೆ ಅದನ್ನು ಕೆಳಗಿಟ್ಟು ತಾನೂ ಒಂದು ದಾರ ಜಜ್ಜಿದಳು.

ನನಗೆ ಆಸೆಯಾಗಿ ಒಂದು ಬಿಳಿ ಕುಂಬಳಕಾಯಿಗೆ ಕೆಂಪಿನಲ್ಲಿ ಅದೇ ಚಿತ್ತಾರ ಬರೆದೆ. ಚೆನ್ನಾಗಿ ಬರಲಿಲ್ಲ. ಹಸೆಯ ಗೆರೆಗೆ ಸಮತಟ್ಟು ಜಾಗ ಬೇಕು, ಕುಂಬಳಕಾಯಿಯ ಪ್ರತಿ ಏಣಿನಲ್ಲೂ ಗೆರೆ ಮುಗ್ಗರಿಸಿತು. ಅದರ ಮೇಲೆ ಮತ್ತೆ ಬಿಳಿ ಬಳಿದೆ. ಎರಡನ್ನೂ ಬೆರೆಸಿ ಏನೋ ಹೊಸದು ಮಾಡಿಬಿಡುತ್ತೇನೆ ಅಂತ ಹೊರಟವಳಿಗೆ ಅಷ್ಟೇ ಸಿಕ್ಕಿದ್ದು.

ಹುಣ್ಣಿಮೆಯ ದಿನ ಬೆಳಗಾಗುವ ಮೊದಲೇ ಎದ್ದು ಕಡುಬು, ಪಲ್ಯ, ಮೊಸರನ್ನ ಮಾಡಿ ಬುಟ್ಟಿಗೆ ಬಾಳೆ ಎಲೆ ಹಾಸಿ ತುಂಬಿಕೊಂಡು ಹಿತ್ತಲಿಗೆ ಹೋದೆವು. ಗದ್ದೆ ಅಂದರೆ ನಮ್ಮದು ಎಂಟಡಿ ಉದ್ದದ ಟೊಮೆಟೊ ಪಾತಿ. ಅವ್ವ ಸೆರಗು ಹೊದ್ದು, ಮಂಜಿನಲ್ಲಿ ನಿಂತು, ಪಾತಿಯ ನಾಲ್ಕೂ ಮೂಲೆಗೆ ಅನ್ನ ಬೀರಿದಳು. ನಾವು ಬೆನ್ನು ತಿರುಗಿಸುವಷ್ಟರಲ್ಲಿ ಅಳಿಲು ಬಂದಿತ್ತು.

ಆ ಅಳಿಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಕ್ಟೋಬರ್ ನಡುವೆ ಕೊಲಂಬಸ್ಸಿನ ದಕ್ಷಿಣಕ್ಕಿರುವ ಸರ್ಕಲ್‌ವಿಲ್ ಊರಿನ ಪಂಪ್ಕಿನ್ ಶೋಗೆ ಅವ್ವನನ್ನು ಕರೆದುಕೊಂಡು ಹೋದೆ. 1903ರಲ್ಲಿ ಶುರುವಾದ ಜಾತ್ರೆ ಅದು. ಆಳೆತ್ತರಕ್ಕೆ ಕುಂಬಳಕಾಯಿ ರಾಶಿ, ಸೋರೆ ಬುರುಡೆಗಳ ರಾಶಿ. ಊರಿನ ನೀರಿನ ಟ್ಯಾಂಕಿಗೇ ಕುಂಬಳಕಾಯಿಯ ಬಣ್ಣ ಬಳಿದಿದ್ದಾರೆ. ಅವ್ವ ಕತ್ತೆತ್ತಿ ಟ್ಯಾಂಕ್ ನೋಡಿ, "ನಿನ್ನದೇನೂ ಜಾಸ್ತಿ ಹುಚ್ಚಲ್ಲ ಬಿಡು" ಅಂದಳು. ಅಲ್ಲಿಂದ ಐದು ಡಾಲರಿಗೆ ಒಂದು ನಿಜವಾದ ಕಾಯಿ ತಂದು, ತೊಳೆದು ಒಣಗಿಸಿ, ಮುಂಭಾಗಕ್ಕೆ ಮಾತ್ರ ಬಿಳಿ ಬಳಿದು ಮೆಟ್ಟಿಲ ಮೇಲಿಟ್ಟೆ. ಕೆತ್ತಿದ ಕುಂಬಳಕಾಯಿ ವಾರದಲ್ಲಿ ಕೊಳೆತರೆ, ಕೆತ್ತದೆ ಬಣ್ಣ ಬಳಿದದ್ದು ವಾರಗಟ್ಟಲೆ ಇರುತ್ತದೆ. ಇರಬೇಕಿತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹಿಂಭಾಗದಲ್ಲಿ, ಬಣ್ಣ ಇಲ್ಲದ ಕಡೆ, ಮುಷ್ಟಿ ಗಾತ್ರದ ತೂತು. ಅಳಿಲು ಬೇಲಿಯ ಮೇಲೆ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ನಾಚಿಕೆಯೂ ಅದಕ್ಕಿರಲಿಲ್ಲ. ಬೀದಿಯಿಂದ ನೋಡುವವರಿಗೆ ಮುಂಭಾಗ ತಾನೇ ಕಾಣುವುದು ಅಂತ ಅದನ್ನು ಹಾಗೇ ಬಿಟ್ಟೆ.

ಒಟ್ಟು ಖರ್ಚು 22 ಡಾಲರ್. ಅಂಗಡಿಯ 15, ಬುಟ್ಟಿಯ 2, ಅಳಿಲಿಗೆ 5. ಅವ್ವ ಇದನ್ನೂ 88ರಿಂದ ಗುಣಿಸಿದಳು, ಆದರೆ ಉತ್ತರ ಹೇಳಲಿಲ್ಲ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಎಲ್ಲಾ ತೆಗೆದಿಟ್ಟೆ. ಫೋಮ್ ಕಾಯಿಗಳನ್ನು ಒಂದೊಂದಾಗಿ ಹಳೇ ಟೀ ಶರ್ಟಿನಲ್ಲಿ ಸುತ್ತಿದೆ. ಒಂದರ ಮೇಲೊಂದು ಒತ್ತಿದರೆ ಸೋಡಾ ಪದರ ಚಕ್ಕೆ ಏಳುತ್ತದೆ. ಪೈನ್ ಕಾಯಿಗೆ ಬೇರೆ ಚೀಲ, ಬೇಸ್‌ಮೆಂಟಿನ ಒಣ ಮೂಲೆ. ಪೆಟ್ಟಿಗೆಯಲ್ಲಿ ಬುಟ್ಟಿಗೂ ಜಾಗ ಬಿಟ್ಟಿದ್ದೆ. ಹುಡುಕಿದರೆ ಸಿಗಲಿಲ್ಲ. ಅಡುಗೆ ಮನೆಗೆ ಹೋದೆ. ಅವ್ವ ಅದರಲ್ಲಿ ಈರುಳ್ಳಿ ತುಂಬಿ ಫ್ರಿಜ್ಜಿನ ಪಕ್ಕ ಇಟ್ಟಿದ್ದಳು.